ಅಕ್ಕನ ಮಗನನ್ನು ಮೊದಲ ಸಲ ಸಮುದ್ರದ ಗಾಳಕ್ಕೆ ಕರೆದೊಯ್ಯುವುದು: ಹಿಡಿದದ್ದನ್ನು ಅವನ ಕೈಯಲ್ಲೇ ಅಡುಗೆ ಮಾಡಿಸಬಹುದೇ?

ಪ್ರಶ್ನೆ – ಕೆರೆದಂಡೆ

ಮಾನ್ಯರೇ, ನಾನು ಚಿಕ್ಕಂದಿನಿಂದ ಕೆರೆ, ಹೊಳೆಗಳಲ್ಲಿ ಗಾಳ ಹಾಕುತ್ತ ಬಂದವನು. ಒಂದು ಕೋಲು, ಒಂದು ಬೆಂಡು, ಡಬ್ಬಿಯ ತುಂಬ ಎರೆಹುಳು, ಇಷ್ಟರಲ್ಲಿ ನನ್ನ ವಿದ್ಯೆ ಮುಗಿಯುತ್ತದೆ. ಅಕ್ಕನ ಮಗನಿಗೆ ಈಗ ಒಂಬತ್ತು ವರ್ಷ. ಕಳೆದ ರಜೆಯಲ್ಲಿ ಮಾತಿನ ಭರದಲ್ಲಿ, ಮುಂದಿನ ಸಲ ಬಂದಾಗ ಸಮುದ್ರದ ಮೀನು ಹಿಡಿಯಲು ಕರೆದೊಯ್ಯುತ್ತೇನೆ, ಹಿಡಿದದ್ದನ್ನು ನೀನೇ ಅಡುಗೆ ಮಾಡುವೆಯಂತೆ ಎಂದು ಅವನಿಗೆ ಹೇಳಿಬಿಟ್ಟೆ. ನಾನು ಮರೆತಿದ್ದೆ, ಅವನು ಮರೆತಿಲ್ಲ. ಈಗ ಫೋನಿನಲ್ಲಿ ಪ್ರತಿ ಸಲವೂ "ಮಾಮ, ನನಗಿಂತ ಉದ್ದದ ಮೀನು ಸಿಗುತ್ತದಾ?" ಎಂಬುದೇ ಅವನ ಮೊದಲ ಮಾತು.

ದೋಣಿಯಲ್ಲಿ ಹೋಗುವುದು ಒಳ್ಳೆಯದೋ ದಡದಿಂದಲೇ ಗಾಳ ಹಾಕುವುದು ಒಳ್ಳೆಯದೋ ಎಂಬುದು ನನಗೆ ತಿಳಿಯದು. ಉಪ್ಪುನೀರಿಗೆ ಬೇರೆ ಸಲಕರಣೆ ಬೇಕೇ, ಅಪಾಯಕಾರಿ ಮೀನು ಗಾಳಕ್ಕೆ ಬಿದ್ದರೆ ಏನು ಮಾಡಬೇಕು ಎಂಬುದನ್ನೂ ಬಲ್ಲವರು ತಿಳಿಸಬೇಕು. ಆದರೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಇನ್ನೊಂದು ವಿಷಯ. ಹುಡುಗನಿಗೆ ಮೀನೆಂದರೆ ಪ್ರಾಣ, ಆದರೆ ತಟ್ಟೆಯಲ್ಲಿ ಮಾತ್ರ. ಮನೆಯ ಗಾಜಿನ ತೊಟ್ಟಿಯಲ್ಲಿದ್ದ ಪುಟ್ಟ ಮೀನೊಂದು ಸತ್ತ ದಿನ ಅವನು ಊಟ ಬಿಟ್ಟು ಅತ್ತಿದ್ದ. ಹೀಗಾಗಿ ಮೀನನ್ನು ಕೊಲ್ಲುವುದು, ಸೀಳುವುದು ಎಲ್ಲವನ್ನೂ ಅವನ ಕಣ್ಣಿಗೆ ಬೀಳದಂತೆ ಮುಗಿಸಬೇಕೆಂದು ಅಕ್ಕ ಹೇಳುತ್ತಿದ್ದಾಳೆ. ನನಗೆ ಅದು ಸರಿಯೆನಿಸುತ್ತಿಲ್ಲ, ಆದರೆ ಏಕೆಂದು ಹೇಳಲೂ ಬರುತ್ತಿಲ್ಲ. ಮಕ್ಕಳನ್ನು ಕರೆದೊಯ್ದು ಅನುಭವವಿರುವವರು ದಯವಿಟ್ಟು ಬರೆಯಿರಿ.

ಉತ್ತರ 1 – ಉಪ್ಪುಗಾಳಿ

ಮೊದಲ ಸಲಕ್ಕೆ ದೋಣಿ ಬೇಡವೇ ಬೇಡ. ದೋಣಿ ಹತ್ತಿದ ಮಗುವಿಗೆ ಹೊಟ್ಟೆ ತೊಳಸಿದರೆ, ಬೇಸರ ಬಂದರೆ, ಮೂತ್ರಕ್ಕೆ ಅವಸರವಾದರೆ ಇಳಿದು ಹೋಗುವ ದಾರಿಯಿರುವುದಿಲ್ಲ. ಕಟಕಟೆಯಿರುವ ಜೆಟ್ಟಿ ಅಥವಾ ಅಲೆಗಳ ಹೊಡೆತವಿಲ್ಲದ ಅಳಿವೆಯ ದಂಡೆ ಸಾಕು. ಬಂಡೆಗಳ ಮೇಲೆ ನಿಂತು ಗಾಳ ಹಾಕುವುದು ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಮಕ್ಕಳೊಡನೆ ನಾನು ಅಲ್ಲಿಗೆ ಹೋಗುವುದಿಲ್ಲ. ಕಪ್ಪಗೆ ಒದ್ದೆಯಾಗಿ ಕಾಣುವ ಬಂಡೆಯೆಂದರೆ ಅಲೆ ಅಲ್ಲಿಯವರೆಗೆ ಬರುತ್ತದೆಂದೇ ಅರ್ಥ, ಅದರ ಮೇಲಿನ ಪಾಚಿಗೆ ದೊಡ್ಡವರ ಕಾಲೂ ನಿಲ್ಲುವುದಿಲ್ಲ. ಅಲೆಗಳು ಒಂದೇ ಅಳತೆಯಲ್ಲಿ ಬರುವುದಿಲ್ಲ. ಹತ್ತು ನಿಮಿಷ ಸುಮ್ಮನಿದ್ದ ನೀರಿನಲ್ಲಿ ಮೂರು ನಾಲ್ಕು ದೊಡ್ಡ ಅಲೆಗಳು ಒಂದರ ಹಿಂದೊಂದು ಬರುವುದುಂಟು. ಆದ್ದರಿಂದ ಯಾವುದೇ ಜಾಗಕ್ಕೆ ಹೋದರೂ ಮೊದಲು ಕಾಲು ಗಂಟೆ ಗಾಳ ಬಿಚ್ಚದೆ ನೀರನ್ನೇ ನೋಡುತ್ತ ಕುಳಿತುಕೊಳ್ಳಿ, ಹುಡುಗನಿಗೂ ಅದನ್ನೇ ಕಲಿಸಿ. ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬಾರದೆಂಬುದು ಮೊದಲ ಪಾಠ. ಜೆಟ್ಟಿಯೇ ಆದರೂ, ಈಜು ಬಂದರೂ, ಅವನಿಗೆ ಲೈಫ್ ಜಾಕೆಟ್ ಇರಲಿ. ಗುಡುಗು ಕೇಳಿಸಿದ ಕೂಡಲೇ ಹೊರಟುಬಿಡಿ, ಏಕೆಂದರೆ ಇಂದಿನ ಕಾರ್ಬನ್ ನಾರಿನ ಕೋಲುಗಳು ವಿದ್ಯುತ್ತನ್ನು ಹರಿಯಬಿಡುತ್ತವೆ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆಯಾದರೂ ಕಾಯದೆ ಮರಳಬೇಡಿ.

ಕೆರೆಯವರಿಗೆ ಹೊಸದೆಂದರೆ ಉಬ್ಬರವಿಳಿತ. ಹೆಚ್ಚಿನ ಕಡಲತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರೂಕಾಲು ಗಂಟೆ. ಹೀಗಾಗಿ ಇಂದು ಬೆಳಿಗ್ಗೆ 7 ಗಂಟೆಗೆ ಬಂದ ಉಬ್ಬರ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಮೀನು ಕಚ್ಚುವುದು ನೀರು ಚಲಿಸುವಾಗ, ಏಕೆಂದರೆ ಸಿಗಡಿ, ಮರಿಮೀನುಗಳನ್ನು ಹರಿವು ಹೊತ್ತು ತರುತ್ತದೆ, ದೊಡ್ಡವು ಅದರ ದಾರಿಯಲ್ಲಿ ಕಾದಿರುತ್ತವೆ. ಉಬ್ಬರ ತುಂಬಿ ನಿಂತಾಗಲೂ ಇಳಿತ ಮುಗಿದು ನಿಂತಾಗಲೂ ನೀರು ಸತ್ತಂತಿರುತ್ತದೆ. ಉಬ್ಬರ ತುಂಬುವ ಮುನ್ನ ಎರಡು ಗಂಟೆ ಮತ್ತು ತುಂಬಿದ ಮೇಲೆ ಒಂದು ಗಂಟೆ, ಈ ಅವಧಿ ಬೆಳಗಿನ ತಂಪಿಗೆ ಹೊಂದುವ ದಿನವನ್ನು ಆರಿಸಿಕೊಳ್ಳಿ. ಒಂಬತ್ತು ವರ್ಷದ ಹುಡುಗನ ತಾಳ್ಮೆಯೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿನದು.

ಸಲಕರಣೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಆರು ಅಡಿಯ ಹಗುರ ಕೋಲು, ಅದಕ್ಕೊಪ್ಪುವ, ದಾರ ಸುತ್ತುವ ಸಣ್ಣ ಸ್ಪಿನ್ನಿಂಗ್ ರೀಲು, 10 ಪೌಂಡು ಭಾರ ತಡೆಯುವ ನೈಲಾನ್ ದಾರ, ಸೀಸದ ಗುಂಡು, ಚಿಕ್ಕ ಕೊಕ್ಕೆಗಳು, ಎರೆಗೆ ಸಿಗಡಿಯ ತುಂಡು, ಇಷ್ಟಿದ್ದರೆ ಆಯಿತು. ರೀಲಿನ ಡ್ರ್ಯಾಗನ್ನು, ಎಂದರೆ ದಾರ ಬಿಚ್ಚಿಕೊಳ್ಳುವುದನ್ನು ಹಿಡಿದಿಡುವ ಬ್ರೇಕನ್ನು, ದಾರ ತಡೆಯುವ ಭಾರದ ಕಾಲು ಭಾಗದಷ್ಟಕ್ಕೆ ಬಿಗಿ ಮಾಡಿ, ಆಗ ದೊಡ್ಡದೇನಾದರೂ ಎಳೆದರೆ ದಾರ ಹರಿಯದೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಒಂದು ಕೆಲಸವನ್ನು ಮಾತ್ರ ತಪ್ಪದೆ ಮಾಡಿ: ಪ್ರತಿ ಕೊಕ್ಕೆಯ ತುದಿಯ ಹಿಂದಿರುವ ಮರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿಡಿ. ದಾರ ಸಡಿಲ ಬಿಟ್ಟರೆ ಒಂದೆರಡು ಮೀನು ತಪ್ಪಿಸಿಕೊಳ್ಳಬಹುದು, ಆದರೆ ಮಗುವಿನ ಬೆರಳಿಗೆ ಚುಚ್ಚಿದ ಕೊಕ್ಕೆ ಬಂದ ದಾರಿಯಲ್ಲೇ ಹೊರಬರುತ್ತದೆ.

ಇನ್ನು ಅಪಾಯಕಾರಿ ಮೀನುಗಳು. ಹೆಸರು ಗೊತ್ತಿಲ್ಲದ ಮೀನನ್ನು ಕೈಯಲ್ಲಿ ಮುಟ್ಟಬಾರದೆಂಬ ಒಂದೇ ನಿಯಮ ಹುಡುಗನಿಗೆ ಸಾಕು. ಮೀಸೆಯಿರುವ ಮೀನುಗಳ ಬೆನ್ನಿನಲ್ಲೂ ಎರಡೂ ಪಕ್ಕೆಗಳಲ್ಲೂ ಗಟ್ಟಿ ಮುಳ್ಳುಗಳಿವೆ, ತೊರಕೆಯ ಬಾಲದಲ್ಲಿ ಗರಗಸದಂತಹ ಮುಳ್ಳಿದೆ, ಎರಡರಲ್ಲೂ ನಂಜಿರುತ್ತದೆ. ಅವು ಬಿದ್ದರೆ ದಾರ ಕತ್ತರಿಸಿ ಬಿಟ್ಟುಬಿಡಿ. ಒಂದು ವೇಳೆ ಚುಚ್ಚಿದರೆ, ಗಾಯವಾದ ಭಾಗವನ್ನು ಸಹಿಸಬಲ್ಲಷ್ಟು ಬಿಸಿಯ ನೀರಿನಲ್ಲಿ, ಎಂದರೆ 45 ಡಿಗ್ರಿ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಟ್ಟರೆ ನೋವು ಇಳಿಯುತ್ತದೆ, ಏಕೆಂದರೆ ಆ ನಂಜು ಶಾಖಕ್ಕೆ ಕೆಡುವಂಥದು. ನೋವಿನಲ್ಲಿರುವ ಮಗುವಿಗೆ ಬಿಸಿಯ ಅಂದಾಜು ಸಿಗುವುದಿಲ್ಲವಾದ್ದರಿಂದ ನೀರನ್ನು ಮೊದಲು ನಿಮ್ಮ ಕೈಯಲ್ಲಿ ನೋಡಿಕೊಳ್ಳಿ, ನಂತರ ವೈದ್ಯರಲ್ಲಿಗೆ ಹೋಗಿ. ಹಿಡಿದೊಡನೆ ಚೆಂಡಿನಂತೆ ಹೊಟ್ಟೆ ಉಬ್ಬಿಸಿಕೊಳ್ಳುವ ಮೀನು ನೋಡಲು ತಮಾಷೆಯಾಗಿರುತ್ತದೆ, ಆದರೆ ಅದರ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಅದು ಅಡುಗೆಮನೆಯ ಕಡೆ ತಲೆ ಹಾಕಕೂಡದು.

ಉತ್ತರ 2 – ಒಲೆಯಮುಂದೆ

ಸಲಕರಣೆಯ ಮಾತು ಮೇಲಿನವರು ಮುಗಿಸಿದ್ದಾರೆ, ನಾನು ನಿಮ್ಮನ್ನು ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ. ನನ್ನ ತಂಗಿಯ ಮಗಳು ಎಂಟು ವರ್ಷದವಳಿದ್ದಾಗ ನಾನು ನಿಮ್ಮ ಅಕ್ಕ ಹೇಳಿದಂತೆಯೇ ಮಾಡಿದೆ. ಅವಳು ಎಳೆದ ಮೀನನ್ನು ನಾನು ಹಿಂದಕ್ಕೆ ತಿರುಗಿಕೊಂಡು ಬಿಡಿಸಿ, ಹಾಗೆಯೇ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ. ಮೀನು ಒಳಗೆ ಪಟಪಟನೆ ಬಡಿದುಕೊಳ್ಳುತ್ತಲೇ ಇತ್ತು. ಅವಳು ಗಾಳ ಕೆಳಗಿಟ್ಟು, ಆ ಸದ್ದು ನಿಲ್ಲುವವರೆಗೆ ಪೆಟ್ಟಿಗೆಯನ್ನೇ ನೋಡುತ್ತ ಕುಳಿತಳು. ಆ ದಿನ ಮತ್ತೆ ಕೋಲು ಮುಟ್ಟಲಿಲ್ಲ, ಮೀನನ್ನೂ ತಿನ್ನಲಿಲ್ಲ. ಅವಳನ್ನು ಹೆದರಿಸಿದ್ದು ಸಾವಲ್ಲ, ಸಾವು ಅಷ್ಟು ಹೊತ್ತು ತೆಗೆದುಕೊಂಡದ್ದು ಮತ್ತು ನಾನು ಮುಖ ತಿರುಗಿಸಿದ್ದು ಎಂಬುದು ನನಗೆ ತಡವಾಗಿ ಹೊಳೆಯಿತು.

ಆದ್ದರಿಂದ ಬಚ್ಚಿಡಬೇಡಿ, ಬೇಗ ಮುಗಿಸಿ. ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ಕಣ್ಣುಗಳ ಸ್ವಲ್ಪ ಹಿಂದೆ ತಲೆಯ ಮೇಲೆ ಮರದ ಗೂಟದಿಂದ ಒಂದು ಬಲವಾದ ಏಟು ಹಾಕಿದರೆ ಅಲ್ಲಿಗೆ ಅದರ ಅರಿವು ಹೋಗುತ್ತದೆ. ನಂತರ ಕಿವಿರಿನ ಬಳಿ ಕೊಯ್ದು ಬಕೆಟ್ಟಿನ ಸಮುದ್ರದ ನೀರಿನಲ್ಲಿ ಒಂದೆರಡು ನಿಮಿಷ ರಕ್ತ ಬಸಿಯಬೇಕು. ಇದು ಮೀನಿಗೂ ಒಳ್ಳೆಯದು, ಅಡುಗೆಗೂ ಒಳ್ಳೆಯದು. ಬಹಳ ಹೊತ್ತು ಒದ್ದಾಡಿ ಸತ್ತ ಮೀನಿನ ಸ್ನಾಯುಗಳಲ್ಲಿ ಆಮ್ಲ ಕೂಡಿಕೊಳ್ಳುತ್ತದೆ, ಅದು ಬೇಗ ಸೆಟೆಯುತ್ತದೆ, ಮಾಂಸ ಮೆತ್ತಗಾಗುತ್ತದೆ. ಹುಡುಗನಿಗೆ ಮೊದಲೇ, ಮನೆಯಲ್ಲಿಯೇ, ಹೀಗೆ ಮಾಡುತ್ತೇನೆ ಎಂದು ತಿಳಿಸಿಡಿ. ನೋಡುವೆಯೋ ಅತ್ತ ತಿರುಗಿಕೊಳ್ಳುವೆಯೋ ಎಂದು ಅವನನ್ನೇ ಕೇಳಿ. ತಿರುಗಿಕೊಂಡರೆ ಅವನೇ ತಿರುಗಿಕೊಂಡದ್ದಾಗಲಿ.

ಐಸಿನ ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಬಂಗುಡೆ, ಸೂರೆಯಂಥ ಮೀನುಗಳು ಬಿಸಿಲಿನಲ್ಲಿ ಕೆಲವು ಗಂಟೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳಿಂದಾಗಿ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟಿಕೊಳ್ಳುತ್ತದೆ, ತಿಂದವರ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹುರಿದರೂ ಹೋಗುವುದಿಲ್ಲ. ಐಸ್ ಪೆಟ್ಟಿಗೆಯಲ್ಲಿ ಎರಡು ಪಾಲು ಐಸಿಗೆ ಒಂದು ಪಾಲು ಸಮುದ್ರದ ನೀರು ಸೇರಿಸಿ ಅದರಲ್ಲಿ ಮೀನನ್ನು ಮುಳುಗಿಸಿಡಿ. ಬರೀ ಐಸಿನ ತುಂಡುಗಳ ನಡುವೆ ಗಾಳಿಯಿರುತ್ತದೆ, ನೀರು ಬೆರೆತರೆ ಮೀನಿನ ಮೈಯ ಎಲ್ಲ ಕಡೆಗೂ ತಂಪು ತಾಗುತ್ತದೆ. ಸಮುದ್ರದ ನೀರು ಹೆಪ್ಪುಗಟ್ಟುವುದು ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗೆ. ಹೀಗಾಗಿ ಈ ಕಲಸು ಸಿಹಿನೀರಿನ ಐಸಿಗಿಂತ ಇನ್ನಷ್ಟು ತಣ್ಣಗಿರುತ್ತದೆ. ಆ ನೀರಿನಲ್ಲಿ ಐದು ಎಣಿಸುವವರೆಗೆ ಕೈ ಇಟ್ಟು ನೋಡು ಎಂದು ಹುಡುಗನಿಗೆ ಹೇಳಿ, ಉಳಿದದ್ದನ್ನು ಅವನೇ ವಿಚಾರಿಸುತ್ತಾನೆ.

ಮನೆಗೆ ಬಂದ ಮೇಲೆ ಹುರುಪೆ ತೆಗೆಯುವ ಕೆಲಸ ಪೂರ್ತಿ ಅವನದಾಗಲಿ. ಅದಕ್ಕೆ ಚಾಕು ಬೇಡ, ಚಮಚೆಯ ಅಂಚು ಸಾಕು. ಬಾಲದಿಂದ ತಲೆಯ ಕಡೆಗೆ, ಬಕೆಟ್ಟಿನ ನೀರಿನೊಳಗೇ ಕೆರೆದರೆ ಹುರುಪೆ ಗೋಡೆಗೆ ಹಾರುವುದಿಲ್ಲ. ಹೊಟ್ಟೆಯನ್ನು ನೀವು ಸೀಳಿ, ಆದರೆ ಕರುಳನ್ನು ಕೂಡಲೇ ಎಸೆಯಬೇಡಿ. ಜಠರವನ್ನು ತಟ್ಟೆಯಲ್ಲಿ ಬಿಡಿಸಿ ಅದು ಏನು ತಿಂದಿತ್ತೆಂದು ಇಬ್ಬರೂ ನೋಡಿ. ಅರ್ಧ ಕರಗಿದ ಸಿಗಡಿಯ ಕಣ್ಣು, ಮರಿಮೀನಿನ ಬೆನ್ನೆಲುಬು, ಕೆಲವೊಮ್ಮೆ ನಿಮ್ಮದೇ ಎರೆ ಅಲ್ಲಿರುತ್ತದೆ. ತೊಟ್ಟಿಯ ಮೀನಿಗಾಗಿ ಅತ್ತ ಹುಡುಗ ಇಲ್ಲಿ ಅಳುವುದಿಲ್ಲವೆಂದು ನಾನು ಪಂಥ ಕಟ್ಟಬಲ್ಲೆ, ನೂರು ಪ್ರಶ್ನೆ ಕೇಳುತ್ತಾನೆ. ಪಿತ್ತದ ಚೀಲ ಒಡೆಯದಂತೆ ನೋಡಿಕೊಳ್ಳಿ, ಒಡೆದರೆ ಕಹಿ. ಬೆನ್ನೆಲುಬಿನ ಕೆಳಗಿರುವ ಕಪ್ಪು ಕೆಂಪಿನ ಗೆರೆಯನ್ನು ಬೆರಳುಗುರಿನಿಂದ ಕೆರೆದು ತೊಳೆಯಿರಿ, ಬೇಗ ವಾಸನೆ ಬರುವುದು ಅಲ್ಲಿಂದಲೇ.

ಅಡುಗೆಯನ್ನು ದೊಡ್ಡದು ಮಾಡಬೇಡಿ, ಮೊದಲ ಮೀನಿನ ರುಚಿ ಮಸಾಲೆಯಲ್ಲಿ ಕಳೆದುಹೋಗುವುದು ಬೇಡ. ಉಪ್ಪು, ಮೆಣಸಿನ ಪುಡಿ, ನಿಂಬೆಹುಳಿ ಸಾಕು. ಹುಳಿಗೆ ಕಾರಣವಿದೆ: ಸಮುದ್ರದ ಮೀನಿನ ವಾಸನೆ ಟ್ರೈಮೀಥೈಲಮೀನ್ ಎಂಬ ವಸ್ತುವಿನದು, ಹುಳಿ ತಾಗಿದರೆ ಅದು ಗಾಳಿಗೆ ಏಳುವುದಿಲ್ಲ. ಎರಡೂ ಮಗ್ಗುಲಿಗೆ ಮೂರು ಮೂರು ಗೀರು ಹಾಕಿ, ಉಪ್ಪು ಸವರಿ ಕಾಲು ಗಂಟೆ ಬಿಟ್ಟು, ಬಿಟ್ಟುಕೊಂಡ ನೀರನ್ನು ಬಟ್ಟೆಯಿಂದ ಒತ್ತಿ ಒರೆಸಲು ಹುಡುಗನಿಗೆ ಹೇಳಿ. ಮೀನು ಬಾಣಲೆಗೆ ಅಂಟುವುದು ಬಹುಮಟ್ಟಿಗೆ ಈ ತೇವದಿಂದ ಮತ್ತು ನಮ್ಮ ಅವಸರದಿಂದ. ಬಾಣಲೆ ಚೆನ್ನಾಗಿ ಕಾದ ಮೇಲೆ ಎಣ್ಣೆ, ಎಣ್ಣೆ ಕಾದ ಮೇಲೆ ಮೀನು, ಮೀನು ಹಾಕಿದ ಮೇಲೆ ಮೂರು ನಾಲ್ಕು ನಿಮಿಷ ಅದನ್ನು ಕದಲಿಸಬಾರದು. ಚರ್ಮ ಗರಿಯಾದಾಗ ತಾನಾಗಿ ಬಿಟ್ಟುಕೊಳ್ಳುತ್ತದೆ. ಬಿಸಿ ಎಣ್ಣೆಗೆ ಮೀನು ಬಿಡುವುದು ನಿಮ್ಮ ಕೆಲಸ, ಗಡಿಯಾರ ನೋಡಿ "ಈಗ ತಿರುಗಿಸು" ಎನ್ನುವುದು ಅವನದು. ಬೆನ್ನೆಲುಬಿನ ಬಳಿ ಚಾಕುವಿನ ತುದಿ ಹಾಕಿದಾಗ ಮಾಂಸ ಗಾಜಿನಂತಿರದೆ ಬಿಳುಪೇರಿ ಪದರ ಪದರವಾಗಿ ಮೂಳೆ ಬಿಟ್ಟರೆ ಬೆಂದಿದೆಯೆಂದು ತಿಳಿಯಿರಿ. ಅಳೆಯುವ ಸಾಧನವಿದ್ದರೆ ಒಳಗೆ 63 ಡಿಗ್ರಿ ಇರಬೇಕು.

ಉತ್ತರ 3 – ಹಳೇಬೆಂಡು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಇಬ್ಬರೂ ಮೀನು ಸಿಕ್ಕೇ ಸಿಗುತ್ತದೆಂದು ಇಟ್ಟುಕೊಂಡು ಬರೆದಿದ್ದಾರೆ. ನಲವತ್ತು ವರ್ಷಗಳಿಂದ ಗಾಳ ಹಾಕುತ್ತಿರುವ ನಾನು ಬರಿಗೈಯಲ್ಲಿ ಮರಳಿದ ದಿನಗಳನ್ನು ಎಣಿಸುವುದು ಬಿಟ್ಟು ಬಹಳ ಕಾಲವಾಯಿತು. "ನೀನು ಹಿಡಿದದ್ದನ್ನೇ ತಿನ್ನೋಣ" ಎಂದು ಮಾತು ಕೊಟ್ಟಿದ್ದೀರಿ, ಏನೂ ಬೀಳದಿದ್ದರೆ ದಾರಿಯಲ್ಲಿ ಕೊಂಡು ತಂದು ಅವನ ಪಾಲಿಗೆ ಸೇರಿಸುವ ಯೋಚನೆ ಮಾಡಬೇಡಿ. ಒಂಬತ್ತು ವರ್ಷದವರಿಗೆ ಅದು ತಿಳಿದುಬಿಡುತ್ತದೆ. ಅದಕ್ಕಿಂತ ದೊಡ್ಡ ಮೀನಿನ ಆಸೆಯನ್ನೇ ಮೊದಲು ಕಡಿಮೆ ಮಾಡಿ. ದೊಡ್ಡ ಕೊಕ್ಕೆ ಹಾಕಿ ಒಂದು ಎಳೆತಕ್ಕಾಗಿ ಮೂರು ಗಂಟೆ ಕಾಯುವುದು ನಮ್ಮಂಥವರ ಹುಚ್ಚು. ಮಗುವಿಗೆ ಬೇಕಾಗಿರುವುದು ಹತ್ತು ನಿಮಿಷಕ್ಕೊಮ್ಮೆಯಾದರೂ ಕೋಲಿನ ತುದಿ ಅಲುಗುವುದು. ಚಿಕ್ಕ ಕೊಕ್ಕೆಗೆ ಹೆಬ್ಬೆರಳಿನ ಉಗುರಿನಷ್ಟು ಎರೆ ಸಾಕು. ಮತ್ತೊಂದು ಮಾತು, ಆ ದಿನ ನೀವು ಗಾಳ ಹಾಕಬೇಡಿ. ನಿಮ್ಮ ಕೋಲು ನೀರಿನಲ್ಲಿದ್ದರೆ ನಿಮ್ಮ ಕಣ್ಣೂ ಅಲ್ಲೇ ಇರುತ್ತದೆ.

ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳುವುದೂ ಬೇಡ. ಯಾವ ಮೀನು ಎಷ್ಟು ಉದ್ದವಿರಬೇಕು, ದಿನಕ್ಕೆ ಎಷ್ಟು ಹಿಡಿಯಬಹುದು, ಯಾವ ತಿಂಗಳು ಹಿಡಿಯಕೂಡದು ಎಂಬ ನಿಯಮಗಳು ಅನೇಕ ಕಡೆ ಇವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಅಳತೆಪಟ್ಟಿಯನ್ನು ಹುಡುಗನ ಕೈಗೆ ಕೊಡಿ. ಕಡಿಮೆ ಬಂದರೆ ಬಿಡುವ ಅಧಿಕಾರ ಅವನದೇ, ನೀವು ಬಾಯಿ ಹಾಕಬೇಡಿ. ಬಿಡುವ ಮೀನನ್ನು ಒದ್ದೆ ಕೈಯಿಂದಲೇ ಹಿಡಿಯಬೇಕು. ಅದರ ಮೈಯ ಲೋಳೆ ರೋಗ ತಡೆಯುವ ಹೊದಿಕೆ, ಒಣಗೈ ತಾಗಿದರೆ ಅದು ಕಿತ್ತುಬರುತ್ತದೆ.

ಮರುಮುಳ್ಳು ಒತ್ತುವ ವಿಷಯದಲ್ಲಿ ನನ್ನ ಕಿವಿಯೇ ಸಾಕ್ಷಿ. ತಮ್ಮನ ಮಗಳು ಹಿಂದೆ ನೋಡದೆ ಗಾಳ ಬೀಸಿದಾಗ ಕೊಕ್ಕೆ ನನ್ನ ಬಲಗಿವಿಯ ಹಾಲೆಗೆ ಸಿಕ್ಕಿತು. "ದೊಡ್ಡಪ್ಪ, ದೊಡ್ಡದೇನೋ ಸಿಕ್ಕಿದೆ" ಎಂದು ಅವಳು ಇನ್ನೊಮ್ಮೆ ಎಳೆದಳು. ಒತ್ತಿದ ಕೊಕ್ಕೆಯಾದ್ದರಿಂದ ಅರ್ಧ ನಿಮಿಷದಲ್ಲಿ ಬಿಡಿಸಿಕೊಂಡೆ. ಇಬ್ಬರಿಗೂ ಕನ್ನಡಕವಿರಲಿ, ಕಣ್ಣಾಗಿದ್ದರೆ ಈ ಕತೆಯನ್ನು ಹೀಗೆ ಹೇಳಲು ಆಗುತ್ತಿರಲಿಲ್ಲ. ಕಣ್ಣಿನ ಹತ್ತಿರ ಅಥವಾ ಆಳವಾಗಿ ಚುಚ್ಚಿದ ಕೊಕ್ಕೆಯನ್ನು ಮಾತ್ರ ನೀವು ಕೀಳಲು ಹೋಗದೆ ವೈದ್ಯರಿಗೆ ಬಿಡಿ.

ಮರಳಿ – ಕೆರೆದಂಡೆ

ಮೂವರಿಗೂ ವಂದನೆಗಳು. ನಿನ್ನೆ ಹೋಗಿ ಬಂದೆವು. ಬೆಳಿಗ್ಗೆ 9ರ ಸುಮಾರಿಗೆ ಉಬ್ಬರ ತುಂಬುವ ದಿನವಾದ್ದರಿಂದ 7ಕ್ಕೇ ಜೆಟ್ಟಿಯಲ್ಲಿದ್ದೆವು. ಕಾಲು ಗಂಟೆ ನೀರು ನೋಡಬೇಕೆಂದಾಗ ಅವನು ಮುಖ ಊದಿಸಿದ, ಆದರೆ ಅಲೆ ಎಣಿಸುವ ಕೆಲಸ ಕೊಟ್ಟ ಮೇಲೆ ನಾನು ಸಾಕೆಂದರೂ ನಿಲ್ಲಿಸಲಿಲ್ಲ. ಒಂದು ಗಂಟೆ ಏನೂ ಇಲ್ಲ. ನಂತರ ಒಂದೇ ಸಮನೆ ಕಚ್ಚತೊಡಗಿದವು. ಒಟ್ಟು ಏಳು ಮೀನುಗಳಲ್ಲಿ ನಾಲ್ಕನ್ನು ಅವನು ಅಳತೆಪಟ್ಟಿ ಹಿಡಿದು, ಒಂದು ನೂಲೆಳೆಯೂ ರಿಯಾಯಿತಿ ತೋರಿಸದೆ ನೀರಿಗೆ ಬಿಟ್ಟ. ಉಳಿದವು ಮೂರು ಬಂಗುಡೆ, ದೊಡ್ಡದು ಅವನ ಮೊಣಕೈಯಿಂದ ಮಣಿಕಟ್ಟಿನವರೆಗೆ.

ಮೊದಲ ಮೀನಿಗೆ ಏಟು ಹಾಕುವಾಗ ಅವನು ಅತ್ತ ತಿರುಗಿಕೊಂಡ. ಎರಡನೆಯದಕ್ಕೆ ತಿರುಗಲಿಲ್ಲ. ಮೂರನೆಯದರ ಹೊತ್ತಿಗೆ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದ, ಏನೂ ಮಾತಾಡಲಿಲ್ಲ. ದಾರಿಯಲ್ಲಿ ಮಾತ್ರ, "ಅದಕ್ಕೆ ಗೊತ್ತಾಯಿತಾ ಮಾಮ?" ಎಂದು ಕೇಳಿದ. ಏಟು ಬಿದ್ದ ಮೇಲೆ ಗೊತ್ತಾಗಿರಲಾರದು, ಗಾಳ ಎಳೆಯುವಾಗ ಗೊತ್ತಾಗಿರಬೇಕು ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಸಲ ಇನ್ನೂ ಬೇಗ ಎಳೆಯುತ್ತೇನೆ ಎಂದ. ಅಕ್ಕನಿಗೆ ಇದನ್ನೇ ಫೋನಿನಲ್ಲಿ ಹೇಳಿದೆ. ಅವಳು ಏನೂ ಅನ್ನಲಿಲ್ಲ, ಉಂಡನೇ ಎಂದು ಮಾತ್ರ ಕೇಳಿದಳು.

ಉಂಡ. ಜಠರದಲ್ಲಿ ಕಣ್ಣುಗಳಿನ್ನೂ ಕಪ್ಪಗಿದ್ದ ಹನ್ನೊಂದು ಪುಟ್ಟ ಸಿಗಡಿಗಳಿದ್ದವು. ಅವನ್ನು ಸಾಲಾಗಿ ಜೋಡಿಸಿ ಚಿತ್ರ ತೆಗೆದ ಮೇಲೆಯೇ ಒಲೆ ಹಚ್ಚಲು ಬಿಟ್ಟ. ಮೊದಲ ಮೀನಿನ ಚರ್ಮ ಬಾಣಲೆಗೆ ಅಂಟಿಕೊಂಡಿತು. ತಪ್ಪು ನನ್ನದೇ, ಎರಡೇ ನಿಮಿಷಕ್ಕೆ ಕೆದಕಿದೆ. ಉಳಿದೆರಡಕ್ಕೆ ಅವನು ಗಡಿಯಾರದ ಮುಂದೆ ನಿಂತು ನನ್ನ ಕೈಯನ್ನು ಹಿಡಿದೇ ಇದ್ದ, ಅವು ಚೆನ್ನಾಗಿ ಬಂದವು. ಚರ್ಮ ಹರಿದ ಮೀನು ನನ್ನ ಪಾಲಿಗೆ ಬಂತು.

ಒಂದು ಸಂದೇಹ ಉಳಿದಿದೆ. ಆ ಗಲಾಟೆಯಲ್ಲಿ ರೀಲನ್ನು ಹಾಗೆಯೇ ಮೂಲೆಗಿಟ್ಟಿದ್ದೆ. ಇಂದು ತಿರುಗಿಸಿದರೆ ಮರಳು ಅರೆದಂತೆ ಸದ್ದು ಮಾಡುತ್ತಿದೆ. ನಾಡಿದ್ದು ಮತ್ತೆ ಹೋಗಬೇಕೆಂದು ಹಟ ಹಿಡಿದು ಕುಳಿತಿದ್ದಾನೆ.

ಉತ್ತರ 4 – ಉಪ್ಪುಗಾಳಿ

ಅದು ಒಣಗಿದ ಉಪ್ಪು, ಸ್ವಲ್ಪ ಮರಳೂ ಇರಬಹುದು. ಡ್ರ್ಯಾಗಿನ ಗುಂಡಿಯನ್ನು ಬಿಗಿ ಮಾಡಿ, ತೆಳುವಾಗಿ ಸುರಿಯುವ ಸಿಹಿನೀರಿನ ಕೆಳಗೆ ರೀಲನ್ನು ಹಿಡಿದು ನಿಧಾನವಾಗಿ ತಿರುಗಿಸುತ್ತ ತೊಳೆಯಿರಿ. ರಭಸದ ನೀರು ಬಿಟ್ಟರೆ ಉಪ್ಪು ಇನ್ನೂ ಒಳಕ್ಕೆ ಹೋಗುತ್ತದೆ. ನಂತರ ಡ್ರ್ಯಾಗನ್ನು ಪೂರ್ತಿ ಸಡಿಲಿಸಿ ನೆರಳಿನಲ್ಲಿ ಒಣಗಿಸಿ, ಹಿಡಿಕೆಯ ಸಂದಿಗೂ ದಾರ ಹಾಯುವ ಸಣ್ಣ ಉರುಳೆಗೂ ಒಂದೊಂದು ತೊಟ್ಟು ಎಣ್ಣೆ ಬಿಡಿ. ಸದ್ದು ಆಗಲೂ ನಿಲ್ಲದಿದ್ದರೆ ಬಿಚ್ಚಿ ನೋಡದೆ ವಿಧಿಯಿಲ್ಲ. ಕೋಲಿನ ಬಳೆಗಳನ್ನೂ ಇಕ್ಕಳವನ್ನೂ ಮರೆಯದೆ ತೊಳೆಯಿರಿ. ನಾಡಿದ್ದು ಉಬ್ಬರ ತುಂಬುವುದು ಹನ್ನೊಂದೂವರೆಯ ಸುಮಾರಿಗೆ ಇರಬೇಕು, ನಿಮ್ಮಲ್ಲಿಯ ಪಟ್ಟಿ ನೋಡಿಕೊಳ್ಳಿ. ಬಿಸಿಲು ಏರಿರುತ್ತದೆ, ಟೋಪಿ ಮತ್ತು ನೀರು ಹೆಚ್ಚಿಗೆ ಇರಲಿ.